ಒಂದೇ ದಿಕ್ಕು, ಎರಡು ಡಿಶ್: ಕೆಯು ಮತ್ತು ಸಿ ಬ್ಯಾಂಡ್ ಹಿಡಿಯುವ ಬಗೆ

ಉಪಗ್ರಹದ ಟಿವಿ ಸಿಗ್ನಲ್ ಎರಡು ತರಂಗಪಟ್ಟಿಗಳಲ್ಲಿ ಬರುತ್ತದೆ: ಸಣ್ಣ ಡಿಶ್‌ಗೆ ಕೆಯು, ದೊಡ್ಡ ಜಾಲರಿ ಡಿಶ್‌ಗೆ ಸಿ. ಡಿಡಿ ಫ್ರೀ ಡಿಶ್‌ನ ಕೆಯು ಬ್ಯಾಂಡ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ನಿಂತಿರುವ 93.5 ಡಿಗ್ರಿ ಪೂರ್ವ ರೇಖಾಂಶದಲ್ಲೇ ಸಿ ಬ್ಯಾಂಡ್‌ನ ಜಿಸ್ಯಾಟ್-17 ಕೂಡ ಇದೆ. ಹಾಗಾಗಿ ದಿಕ್ಕನ್ನು ಒಮ್ಮೆ ಹುಡುಕಿದರೆ ಎರಡೂ ಡಿಶ್‌ಗಳ ಕೆಲಸ ಆಯಿತು. ವಿಜಯಪುರದಿಂದ ಆ ದಿಕ್ಕು ಉತ್ತರದಿಂದ ಬಲಕ್ಕೆ 132 ಡಿಗ್ರಿ, ದಿಗಂತದಿಂದ ಎತ್ತರ 61.5 ಡಿಗ್ರಿ. ಬಾಗಲಕೋಟೆಗೆ 131 ಮತ್ತು 62, ಬೆಳಗಾವಿಗೆ 128 ಮತ್ತು 61. ವಾಸ್ತುವಿನವರು ಅಡುಗೆಮನೆ ಇಡಿಸುವ ಆಗ್ನೇಯ ಮೂಲೆಯೇ ಅನ್ನಿ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬ, ನೀರಿನ ಟ್ಯಾಂಕಿನ ಸ್ಟ್ಯಾಂಡ್‌ನಿಂದ ಎರಡು ಮೀಟರ್ ದೂರ ನಿಂತು ನೋಡಿ. ಹತ್ತಿರ ಹಿಡಿದರೆ ಸುಳ್ಳು ಹೇಳುತ್ತದೆ.

ಮೊದಲು ಕಂಬ. ಯರೆ ಮಣ್ಣಿನ ಅಂಗಳದಲ್ಲಿ ಹೂಳಬೇಡಿ. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಕಂಬವನ್ನು ವಾಲಿಸುತ್ತದೆ, ಚಾನೆಲ್‌ಗಳು ಒಂದೊಂದಾಗಿ ಹೋಗುತ್ತವೆ. ಮಣ್ಣಿನ ಮಾಳಿಗೆಗೂ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ. ಆರ್‌ಸಿಸಿ ಛಾವಣಿ ಅಥವಾ ಗಟ್ಟಿ ಗೋಡೆಯೇ ಸರಿ. ಕಂಬಕ್ಕೆ ಎರಡು ಬದಿಯಿಂದ ಮಟ್ಟಗೋಲು ಹಿಡಿದು ನೆಟ್ಟಗಿದೆಯೇ ನೋಡಿ. ಕಂಬ ವಾಲಿದ್ದರೆ ಬ್ರಾಕೆಟ್ ಮೇಲಿನ ಡಿಗ್ರಿ ಅಂಕಿಗಳಿಗೆ ಅರ್ಥವಿಲ್ಲ. ಮುಂದೆ ಹತ್ತು ಅಡಿ ದೂರದಲ್ಲಿ ಬೇವಿನ ಮರವಿದ್ದರೆ ಅದು ಡಿಶ್‌ಗಿಂತ ಹದಿನೆಂಟು ಅಡಿಗಿಂತ ಎತ್ತರ ಬೆಳೆದಿರಬಾರದು.

60 ಸೆಂ.ಮೀ. ಕೆಯು ಡಿಶ್ ಆಫ್‌ಸೆಟ್ ಮಾದರಿ. ಅದರ ಮುಖ ನೋಡುವುದಕ್ಕಿಂತ ಸುಮಾರು 22ರಿಂದ 26 ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಬ್ರಾಕೆಟ್ ಅಂಕಿ 61.5 ತೋರಿಸುತ್ತಿದ್ದರೂ ಡಿಶ್ ತಗ್ಗಿ ನೋಡಿದಂತೆ ಕಾಣುತ್ತದೆ. ಅದನ್ನು ಕಂಡು ಮತ್ತೆ ಎತ್ತಿಬಿಡುವವರೇ ಹೆಚ್ಚು. ಆರಡಿಯ ಸಿ ಬ್ಯಾಂಡ್ ಜಾಲರಿ ಡಿಶ್ ಮಾತ್ರ ನಿಜಕ್ಕೂ ಆಕಾಶಕ್ಕೆ ಬಾಯಿ ತೆರೆದಿರಬೇಕು.

ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ತಲೆಯೇ ಎಲ್‌ಎನ್‌ಬಿ. ಸೆಟ್‌ಟಾಪ್ ಬಾಕ್ಸಿನ ಎಲ್‌ಎನ್‌ಬಿ ಫ್ರೀಕ್ವೆನ್ಸಿಯಲ್ಲಿ ಕೆಯುಗೆ 9750/10600, ಸಿ ಬ್ಯಾಂಡ್‌ಗೆ 5150 ಆರಿಸಿ. ಫ್ರೀ ಡಿಶ್ ಹುಡುಕಲು ಫ್ರೀಕ್ವೆನ್ಸಿ 11090, ಪೋಲರೈಸೇಶನ್ (ತರಂಗ ಕಂಪಿಸುವ ದಿಕ್ಕು) ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡಿ, ಗೋಡೆಗೆ ತಿರುಗಿಸಿದರೂ ಅದು ಏರುತ್ತದೆ. ಕ್ವಾಲಿಟಿ ನೋಡಿ. ಸಣ್ಣ ಡಿಶ್‌ನ ಅಂಚು 5 ಮಿ.ಮೀ. ಸರಿದರೆ ಒಂದು ಡಿಗ್ರಿ, ಆರಡಿಯದಾದರೆ 16 ಮಿ.ಮೀ. ಅಷ್ಟಷ್ಟೇ ಸರಿಸಿ, ಪ್ರತಿ ಸಲ ನಾಲ್ಕು ಸೆಕೆಂಡು ಕಾಯಿರಿ.

ಜಾಲರಿ ಡಿಶ್‌ನಲ್ಲಿ ಫೋಕಸ್ ಅಳೆಯಲೇಬೇಕು. ವ್ಯಾಸದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಿ. 180 ಸೆಂ.ಮೀ. ವ್ಯಾಸ, 30 ಸೆಂ.ಮೀ. ಆಳವಿದ್ದರೆ 67.5 ಸೆಂ.ಮೀ. ನಡುಮಧ್ಯದಿಂದ ಅಷ್ಟು ದೂರದಲ್ಲಿ ಎಲ್‌ಎನ್‌ಬಿ ಬಾಯಿ ಬರಬೇಕು, ಎಲ್‌ಎನ್‌ಬಿ ಸುತ್ತಲಿನ ರಿಂಗ್ 0.38 ಗುರುತಿಗೆ (ಫೋಕಸ್ ಭಾಗಿಸು ವ್ಯಾಸ) ನಿಲ್ಲಬೇಕು.

ಎಲ್ಲರೂ ಮರೆಯುವುದು ಎಲ್‌ಎನ್‌ಬಿಯ ತಿರುವು. ವಿಜಯಪುರದಲ್ಲಿ ಈ ಉಪಗ್ರಹಗಳಿಗೆ ಅದು 45 ಡಿಗ್ರಿ, ಬೆಳಗಾವಿಯಲ್ಲಿ 49. ನೆಟ್ಟಗೆ ಬಿಟ್ಟರೆ ವರ್ಟಿಕಲ್, ಹಾರಿಜಾಂಟಲ್ ಎರಡೂ ಸಮಸಮವಾಗಿ ಬೆರೆತು ಯಾವುದೂ ಶುದ್ಧವಾಗಿ ಬರುವುದಿಲ್ಲ. ಡಿಶ್ ಮುಂದೆ ನಿಂತು ಬಟ್ಟಲನ್ನು ನೋಡುತ್ತಾ, ಕೆಳಮುಖವಾಗಿರುವ ಕೇಬಲ್ ತುದಿಯನ್ನು ಗಡಿಯಾರದ 6ರಿಂದ ಏಳೂವರೆಗೆ ತಿರುಗಿಸಿ.

ಕೇಬಲ್ ಆರ್‌ಜಿ-6 ಇರಲಿ, ಜೋಡಿಸುವಾಗ ಬಾಕ್ಸ್ ಆಫ್ ಇರಲಿ. ವರ್ಟಿಕಲ್‌ಗೆ 13 ವೋಲ್ಟ್, ಹಾರಿಜಾಂಟಲ್‌ಗೆ 18 ವೋಲ್ಟ್ ಮೇಲೆ ಹೋಗುತ್ತದೆ. ಅಗ್ಗದ ತೆಳು ತಂತಿಯಲ್ಲಿ ವೋಲ್ಟ್ ಕುಸಿದರೆ ಹಾರಿಜಾಂಟಲ್ ಚಾನೆಲ್‌ಗಳಷ್ಟೇ ಮಾಯ. ಎರಡೂ ಡಿಶ್ ಒಂದೇ ಬಾಕ್ಸಿಗೆ ಬೇಕಾದರೆ ಡಿಶ್‌ನಿಂದ ಡಿಶ್‌ಗೆ ಬದಲಿಸುವ ಡೈಸೆಕ್ ಸ್ವಿಚ್ ಹಾಕಿ, ಯಾವ ಪೋರ್ಟಿಗೆ ಯಾವ ಡಿಶ್ ಎಂಬುದನ್ನು ಮೆನುವಿನಲ್ಲೂ ಹಾಗೆಯೇ ಕೊಡಿ. ಮಳೆಗೆ ಮಂಕಾಗುವುದು ಕೆಯು. ಸಿ ಬ್ಯಾಂಡ್‌ಗೆ ಕಾಟ 5ಜಿ ಟವರಿನದು. ಹತ್ತಿರ ಟವರಿದ್ದರೆ 3.7ರಿಂದ 4.2 ಗಿಗಾಹರ್ಟ್ಸ್ ಮಾತ್ರ ಒಳಬಿಡುವ ಫಿಲ್ಟರ್ ಇರುವ ಎಲ್‌ಎನ್‌ಬಿ ತನ್ನಿ.

ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೆಲವು ನಿಮಿಷ ಚಿತ್ರ ಒಡೆದರೆ ಡಿಶ್ ಮುಟ್ಟಬೇಡಿ. ಸೂರ್ಯ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಆಗ ಜಾಲರಿ ಡಿಶ್‌ನಲ್ಲಿ ಎಲ್‌ಎನ್‌ಬಿ ನೆರಳು ನಟ್ಟನಡುವೆ ಬಿದ್ದಿದೆಯೇ ಎಂದು ಮಾತ್ರ ನೋಡಿ. ಪಕ್ಕಕ್ಕೆ ಬಿದ್ದಿದ್ದರೆ ದಿಕ್ಕು ಅಷ್ಟು ತಪ್ಪಿದೆ.