ಶಾಲೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಮಗುವಿನ ಕಾಲಂ ನೋಡಿದೀರಾ? ವಿಶೇಷ ಅಗತ್ಯದ ಮಕ್ಕಳ ಸೌಲಭ್ಯ ಎಲ್ಲಿಂದ ಶುರು ಮಾಡ್ಬೇಕು ಅಂತ

ನನ್ನ ಮಗ ಈಗ ಹತ್ತನೇ ಕ್ಲಾಸು. ಡಿಸ್ಲೆಕ್ಸಿಯಾ ಇದೆ, ಸರ್ಕಾರಿ ಕಾಗದದ ಭಾಷೇಲಿ ಹೇಳೋದಾದ್ರೆ "ನಿರ್ದಿಷ್ಟ ಕಲಿಕಾ ನ್ಯೂನತೆ". ಬಾಯಲ್ಲಿ ಕೇಳಿ, ಪಾಠ ಪೂರ್ತಿ ಹೇಳ್ತಾನೆ, ಬರಿ ಅಂದ್ರೆ ಕಮಲ ಹೋಗಿ ಕಲಮ ಆಗತ್ತೆ, ಒತ್ತಕ್ಷರ ಬಂತು ಅಂದ್ರೆ ಪೆನ್ನು ಅಲ್ಲೇ ನಿಂತ್ಬಿಡತ್ತೆ. ಸೋಮಾರಿ ಅಂತ ಬೈದು, ಎರಡೆರಡು ಟ್ಯೂಷನ್ ಹಾಕಿ, ಹರಕೆನೂ ಹೊತ್ತು ನಾಲ್ಕು ವರ್ಷ ಕಳೆದ್ವಿ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಸೌಲಭ್ಯಗಳು ಇವೆ, ಆದ್ರೆ ಅವು ಮಗುವಿನ ಹಿಂದೆ ಬರಲ್ಲ, ಕಾಗದದ ಹಿಂದೆ ಬರ್ತವೆ. ಅದಕ್ಕೆ ಕಾಗದ ಯಾವ ಸರದೀಲಿ ಮಾಡಿಸ್ಬೇಕು ಅಂತ ಬರೀತಿದೀನಿ.

ಕಾನೂನು ಎರಡೇ ನೆನಪಿಟ್ಕೊಳ್ಳಿ ಸಾಕು. ಒಂದು 2009ರ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ), ಇನ್ನೊಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಎರಡನೇದರಲ್ಲಿ 21 ಥರದ ನ್ಯೂನತೆ ಪಟ್ಟಿ ಇದೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಕಲಿಕಾ ನ್ಯೂನತೆ ಎಲ್ಲಾ ಸೇರಿ (ಎಡಿಎಚ್‌ಡಿ, ಅಂದ್ರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಆ ಪಟ್ಟೀಲಿ ಬೇರೆಯಾಗಿ ಇಲ್ಲ, ತುಂಬಾ ಜನ ಅಲ್ಲೇ ಎಡವೋದು, ಅದರ ಜೊತೆಗೆ ಕಲಿಕಾ ನ್ಯೂನತೆ ಇದೆಯಾ ಅಂತಾನೂ ಟೆಸ್ಟ್ ಮಾಡಿಸಿ). 16ನೇ ಕಲಂ ಪ್ರಕಾರ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಇರೋ ಖಾಸಗಿ ಶಾಲೆ ಕೂಡ ತಾರತಮ್ಯ ಮಾಡದೆ ಸೇರಿಸ್ಕೊಬೇಕು, ಮಗುವಿಗೆ ಬೇಕಾದ ಹೊಂದಾಣಿಕೆ ಮಾಡ್ಕೊಡ್ಬೇಕು. 31ನೇ ಕಲಂ ಪ್ರಕಾರ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರೋ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೇಲಾದ್ರೂ ಸರಿ, ಬೇಕಂದ್ರೆ ವಿಶೇಷ ಶಾಲೇಲಾದ್ರೂ ಸರಿ, ಉಚಿತ ಶಿಕ್ಷಣ. "ನಮ್ಮಲ್ಲಿ ಇಂಥ ಮಕ್ಕಳನ್ನ ನೋಡ್ಕೊಳ್ಳೋಕೆ ಆಗಲ್ಲ ಮೇಡಂ" ಅಂತ ಬಾಯಲ್ಲಿ ಹೇಳಿ ಕಳಿಸ್ತಾರಲ್ಲ, ಅದನ್ನೇ ಬರೆದುಕೊಡಿ ಅಂತ ಕೇಳಿ. ಯಾರೂ ಬರೆದುಕೊಡಲ್ಲ. ನಾನು ಕೇಳಿದ್ದಕ್ಕೆ ಒಂದು ಶಾಲೇಲಿ ಕುರ್ಚಿ ಹಾಕಿಸಿ ಕಾಫಿ ತರಿಸಿದ್ರು, ಅದುವರೆಗೂ ಬಾಗಿಲ ಹತ್ರಾನೇ ನಿಲ್ಲಿಸಿ ಮಾತಾಡ್ತಿದ್ರು.

ಈಗ ಮುಖ್ಯವಾದ್ದು. ಶಾಲೆಗೆ ಹೋಗಿ ಹೆಚ್‌ಎಂ ಹತ್ರ ಮಗುವಿನ ಸ್ಯಾಟ್ಸ್ ಎಂಟ್ರಿ ತೆಗೆಸಿ ನೋಡಿ. ಸ್ಯಾಟ್ಸ್ ಅಂದ್ರೆ ಕರ್ನಾಟಕದ ಪ್ರತಿ ವಿದ್ಯಾರ್ಥಿಯ ವಿವರ ಇರೋ ಆನ್‌ಲೈನ್ ದಾಖಲೆ, ಅದರಲ್ಲಿ ವಿಶೇಷ ಅಗತ್ಯವುಳ್ಳ ಮಗು ಹೌದೋ ಅಲ್ವೋ, ಹೌದಾದ್ರೆ ಯಾವ ಥರ ಅಂತ ಒಂದು ಕಾಲಂ ಇದೆ, ಸಿಡಬ್ಲ್ಯುಎಸ್‌ಎನ್ ಅಂತಾರೆ. ನನ್ನ ಮಗನ ಕಾಲಂನಲ್ಲಿ "ಅನ್ವಯಿಸುವುದಿಲ್ಲ" ಅಂತ ಇತ್ತು. ಒಂದನೇ ಕ್ಲಾಸಲ್ಲಿ ಅಡ್ಮಿಷನ್ ಮಾಡಿದಾಗ ಯಾರೋ ತುಂಬಿದ್ದು ಹಾಗೇ ಏಳನೇ ಕ್ಲಾಸ್ ತನಕ ಬಂದಿತ್ತು! ಆ ಒಂದು ಪದದಿಂದಾಗಿ ಲೆಕ್ಕದಲ್ಲಿ ಅವನಿಗೆ ಏನೂ ತೊಂದರೇನೇ ಇಲ್ಲ, ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಅವರ ಲಿಸ್ಟಲ್ಲಿ ಹೆಸರಿಲ್ಲ, ತಪಾಸಣಾ ಶಿಬಿರಕ್ಕೆ ಯಾರೂ ಕರೆಯಲ್ಲ. ಕಾಲಂ ತಿದ್ದಿಸೋಕೆ ಅರ್ಜಿ ಬರೆದುಕೊಡಿ, ಎರಡು ಕಾಪಿ ಮಾಡಿ, ಒಂದರ ಮೇಲೆ ಶಾಲೆ ಸೀಲು, ಸಹಿ, ತಾರೀಖು ಹಾಕಿಸಿ ಮನೆಗೆ ತನ್ನಿ. ಬಾಯಿಮಾತಿಗೆ ತಾರೀಖು ಇರಲ್ಲ.

ಮೆಡಿಕಲ್ ಸರ್ಟಿಫಿಕೇಟ್ ಇಲ್ಲದೆ ತಿದ್ದಲ್ಲ ಅಂದ್ರೆ ಅದನ್ನೂ ಜೊತೆಜೊತೆಗೇ ಶುರು ಮಾಡಿ. ಅದರ ಜೊತೆ ಬರೋದೇ ಯುಡಿಐಡಿ ಕಾರ್ಡು, ಅಂದ್ರೆ ವಿಕಲಚೇತನರ ಗುರುತಿನ ಚೀಟಿ. ಕೇಂದ್ರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಆಸ್ಪತ್ರೆ ಆಯ್ಕೆ ಮಾಡ್ಬೇಕು, ಅವರು ಕರೆದ ದಿನ ಹೋಗಿ ತೋರಿಸ್ಬೇಕು. ಹಳ್ಳೀಲಿದ್ರೆ ಗ್ರಾಮ ಪಂಚಾಯ್ತೀಲಿ ವಿಆರ್‌ಡಬ್ಲ್ಯು ಅಂತ ಇರ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು, ವಿಕಲಚೇತನರ ಇಲಾಖೆ ಕೆಳಗೆ ಕೆಲಸ ಮಾಡೋರು, ಅರ್ಜಿ ತುಂಬೋಕೆ ಅವರನ್ನೇ ಹಿಡೀರಿ, ಸೈಬರ್ ಸೆಂಟರಿಗೆ ಸುಮ್ನೆ ದುಡ್ಡು ಯಾಕೆ. ಅರ್ಜಿ ಹಾಕೋ ಮುಂಚೆ ಆಧಾರ್‌ನಲ್ಲಿರೋ ಹೆಸರು, ಶಾಲೆ ದಾಖಲೇಲಿರೋ ಹೆಸರು ಪಕ್ಕಪಕ್ಕ ಇಟ್ಟು ನೋಡಿ. ನಮ್ಮದರಲ್ಲಿ ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಅಷ್ಟಕ್ಕೇ ಎರಡು ತಿಂಗಳು ಓಡಾಡಿಸಿದ್ರು. ಕಾರ್ಡಲ್ಲಿ ಬಣ್ಣದ ಪಟ್ಟಿ ಇರತ್ತೆ, ನ್ಯೂನತೆ ಶೇಕಡಾ 40ಕ್ಕಿಂತ ಕಮ್ಮಿ ಇದ್ರೆ ಬಿಳಿ, 40ರಿಂದ ಮೇಲೆ ಹಳದಿ, 80 ಅದಕ್ಕೂ ಮೇಲಾದ್ರೆ ನೀಲಿ.

ಕಾಲು, ಕಿವಿ, ಕಣ್ಣಿನ ತೊಂದರೆ ಆದ್ರೆ ಡಾಕ್ಟರಿಗೆ ಬಹುತೇಕ ಬೇಗ ಗೊತ್ತಾಗತ್ತೆ. ಕಲಿಕಾ ನ್ಯೂನತೆ ಹಾಗಲ್ಲ. ಐಕ್ಯೂ ಟೆಸ್ಟ್ ಮಾಡ್ತಾರೆ, ಆಮೇಲೆ ನಿಮ್ಹಾನ್ಸ್ ಬ್ಯಾಟರಿ ಅಂತ ಓದು, ಬರಹ, ಲೆಕ್ಕದ ಟೆಸ್ಟ್, ಒಂದೇ ದಿನಕ್ಕೆ ಮುಗಿಯದೇನೂ ಇರಬಹುದು. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ 8 ವರ್ಷ ಆದ್ಮೇಲೆ ಸರ್ಟಿಫಿಕೇಟ್, ಮತ್ತೆ 14ಕ್ಕೆ, ಮತ್ತೆ 18ಕ್ಕೆ. ಹಾಗಾಗಿ ಒಂದ್ಸಲ ಮಾಡಿಸಿ ಬೀರುಗೆ ಹಾಕಿ ಮರೀಬೇಡಿ, 14ರ ಸುಮಾರಿಗೆ ಮತ್ತೆ ಹೋಗ್ಬೇಕು, ಸರಿಯಾಗಿ ಎಸ್‌ಎಸ್‌ಎಲ್‌ಸಿ ಹೊಸ್ತಿಲಲ್ಲಿ ಬರತ್ತೆ ಅದು. ಪ್ರೈವೇಟ್ ಸೈಕಾಲಜಿಸ್ಟ್ ಹತ್ರ ಸಾವಿರಾರು ಕೊಟ್ಟು ಮಾಡಿಸಿದ ರಿಪೋರ್ಟು ಆಸ್ಪತ್ರೆಗೆ ತಗೊಂಡು ಹೋಗೋಕೆ ಸಹಾಯ ಅಷ್ಟೇ, ಅದೇ ಸರ್ಟಿಫಿಕೇಟ್ ಅಲ್ಲ. ಜಿಲ್ಲೇಲಿ ಟೆಸ್ಟ್ ಮಾಡೋರು ಇಲ್ಲ ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಆಯಿಷ್ (ವಾಕ್ ಶ್ರವಣ ಸಂಸ್ಥೆ). ಹೋಗುವಾಗ ಮಗುವಿನ ಹಳೇ ನೋಟ್‌ಬುಕ್ ತಗೊಂಡು ಹೋಗಿ, ಕೆಂಪು ಇಂಕಿನ ಗೀಟು ಇರೋವನ್ನೇ. ನಮ್ಮಮ್ಮ ಎಲ್ಲಾ ತೂಕಕ್ಕೆ ಹಾಕ್ಬಿಟ್ಟಿದ್ರು, ಒಂದೇ ಒಂದು ಕಾಪಿರೈಟಿಂಗ್ ಪುಸ್ತಕ ಉಳಿದಿತ್ತು, ಡಾಕ್ಟರ್ ಅದನ್ನೇ ಹತ್ತು ನಿಮಿಷ ತಿರುವಿ ಹಾಕಿದ್ರು.

ಸ್ಯಾಟ್ಸ್ ಎಂಟ್ರಿ ಆಯ್ತು, ಕಾರ್ಡ್ ಬಂತು, ಆಮೇಲೆ ಬಿಆರ್‌ಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಆಸುಪಾಸಲ್ಲೇ ಇರತ್ತೆ ಬಹುತೇಕ ಕಡೆ. ಅಲ್ಲಿ ಬಿಐಇಆರ್‌ಟಿ ಅಂತ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರ್ತಾರೆ. ಇಡೀ ಬ್ಲಾಕಿಗೆ ಬೆರಳೆಣಿಕೆ ಜನ, ಪಾಪ ಅವರಿಗೂ ಸಾಕಾಗಿರತ್ತೆ, ಆದ್ರೆ ನಿಜವಾಗ್ಲೂ ಕೆಲಸ ಗೊತ್ತಿರೋದು ಅವರಿಗೇ. ಶಾಲೆಗೆ ಬರೋಕೇ ಆಗದಷ್ಟು ತೊಂದರೆ ಇರೋ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಅಂತ ಇದೆ, 2012ರ ಆರ್‌ಟಿಇ ತಿದ್ದುಪಡೀಲಿ ಅದು ಹಕ್ಕು. ನಮ್ಮ ಬೀದೀಲಿ ಸೆರೆಬ್ರಲ್ ಪಾಲ್ಸಿ ಇರೋ ಹುಡುಗಿ ಮನೆಗೆ ಒಬ್ಬರು ಟೀಚರ್ ಸ್ಕೂಟಿ ಮೇಲೆ ಬರ್ತಿದ್ರು, ಚೀಲದಲ್ಲಿ ಹುಣಸೆಬೀಜ, ದಪ್ಪ ಮಣಿ, ದಾರ. ಬೀಜ ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕ್ಸೋದೇ ಪಾಠ. ಮೂರು ತಿಂಗಳಾದ್ಮೇಲೆ ಆ ಹುಡುಗಿ ತಾನೇ ಚಮಚ ಹಿಡಿದು ಅನ್ನ ತಿಂದ್ಲು.

ದುಡ್ಡಿನ ವಿಷಯ ಬೇಗ ಹೇಳ್ಬಿಡ್ತೀನಿ. ಸಮಗ್ರ ಶಿಕ್ಷಣ ಯೋಜನೇಲಿ ಒಂದು ಮಗುವಿಗೆ ವರ್ಷಕ್ಕೆ 3500 ರೂಪಾಯಿ ವರೆಗೆ ಅನುದಾನ ಅಂತ ಇದೆ, ಅದು ನಿಮ್ಮ ಕೈಗೆ ಬರೋ ದುಡ್ಡಲ್ಲ, ಶಿಬಿರ, ಸಾಧನ ಸಲಕರಣೆ, ಥೆರಪಿ ಅಂತ ಖರ್ಚಾಗತ್ತೆ, ಅದಕ್ಕೇ ಶಿಬಿರ ತಪ್ಪಿಸ್ಬೇಡಿ, ಅಲ್ಲೇ ಅಳತೆ ತಗೊಂಡು ವೀಲ್‌ಚೇರ್, ಹಿಯರಿಂಗ್ ಏಡ್ ಬರೆದುಕೊಳ್ಳೋದು. ಹೆಣ್ಣುಮಕ್ಕಳಿಗೆ ಮಾತ್ರ ಬೇರೆಯಾಗಿ ತಿಂಗಳಿಗೆ 200ರಂತೆ 10 ತಿಂಗಳು, ಖಾತೆಗೆ. 9, 10ನೇ ಕ್ಲಾಸಿಗೆ ಕೇಂದ್ರದ ಪ್ರೀ ಮೆಟ್ರಿಕ್ ಸ್ಕಾಲರ್‌ಶಿಪ್ ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ನ್ಯೂನತೆ ಇದ್ರೆ ನಿರಾಮಯ ಆರೋಗ್ಯ ವಿಮೆ 1 ಲಕ್ಷದ ತನಕ, ಥೆರಪಿಗೂ ಸಿಗತ್ತೆ.

ಪರೀಕ್ಷೆ ವಿಷಯಕ್ಕೆ ಬರೋಣ, ಎಲ್ಲರಿಗೂ ಬೇಕಾಗಿರೋದು ಅದೇ. ಎಸ್‌ಎಸ್‌ಎಲ್‌ಸಿ ಟೈಮ್‌ಟೇಬಲ್ ಸರಿಯಾಗಿ ನೋಡಿದ್ರೆ ಗಣಿತದ ದಿನಾನೇ ಸಮಾಜಶಾಸ್ತ್ರ ಅಂತ, ವಿಜ್ಞಾನದ ದಿನ ರಾಜ್ಯಶಾಸ್ತ್ರ, ಸಂಗೀತ ಅಂತ ಇರತ್ತೆ. ಅದು ಯಾರಿಗೆ ಅಂತ ನಾನೂ ಎಷ್ಟೋ ವರ್ಷ ಯೋಚಿಸಿರ್ಲಿಲ್ಲ, ನಮ್ಮ ಮಕ್ಕಳಂಥವರಿಗೇ ಇಟ್ಟಿರೋ ಪರ್ಯಾಯ ವಿಷಯ ಅದು. ಇದರ ಜೊತೆ ಮಗು ಹೇಳಿದ್ದನ್ನ ಬರೆಯೋಕೆ ಸ್ಕ್ರೈಬ್, ಹೆಚ್ಚುವರಿ ಸಮಯ (2018ರ ಕೇಂದ್ರದ ಮಾರ್ಗಸೂಚೀಲಿ ಗಂಟೆಗೆ ಕನಿಷ್ಠ 20 ನಿಮಿಷ). ಎಲ್ಲದಕ್ಕೂ ಹೆಚ್‌ಎಂ ಮೂಲಕ ಪರೀಕ್ಷಾ ಮಂಡಳಿಗೆ ಸರ್ಟಿಫಿಕೇಟ್ ಸಮೇತ ಹೋಗ್ಬೇಕು, ಹಾಲ್ ಟಿಕೆಟ್ ಬಂದ್ಮೇಲೆ ಓಡಿದ್ರೆ ಆಗಲ್ಲ. ಪರ್ಯಾಯ ವಿಷಯ ಬೇಕಾ ಅನ್ನೋದನ್ನ 9ನೇ ಕ್ಲಾಸಲ್ಲೇ ತೀರ್ಮಾನ ಮಾಡಿ. ಆದ್ರೆ ಗಣಿತ, ವಿಜ್ಞಾನ ಬಿಟ್ರೆ ಮುಂದೆ ಪಿಯುಸಿ ಸೈನ್ಸ್ ಬಾಗಿಲು ಮುಚ್ಚಿದ ಹಾಗೆ, ನಾವು ಅದಕ್ಕೇ ಬಿಡಿಸ್ಲಿಲ್ಲ, ಸ್ಕ್ರೈಬ್ ಮತ್ತೆ ಟೈಮ್ ಮಾತ್ರ ಕೇಳಿದ್ವಿ. 40 ಪರ್ಸೆಂಟ್ ಇಲ್ಲ, ಅದಕ್ಕೇ ಸ್ಕ್ರೈಬ್ ಕೊಡಲ್ಲ ಅಂತ ಯಾರಾದ್ರೂ ಅಂದ್ರೆ ವಿಕಾಸ್ ಕುಮಾರ್ ಕೇಸು ಅಂತ ಅರ್ಜೀಲಿ ಬರೀರಿ. ಕೈ ಬರಹದ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿದು, 2021ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ 40ರ ಗೆರೆ ಹಾಕಿ ಸ್ಕ್ರೈಬ್ ನಿರಾಕರಿಸೋದು ಸರಿಯಲ್ಲ ಅಂತು.

ಶಾಲೇಲಿ ಆಗ್ಲಿಲ್ಲ ಅಂದ್ರೆ ಬಿಇಒ, ಅಲ್ಲೂ ಆಗ್ಲಿಲ್ಲ ಅಂದ್ರೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು), ಅದರಾಚೆ ವಿಕಲಚೇತನರ ರಾಜ್ಯ ಆಯುಕ್ತರು, ಅವರಿಗೆ ದೂರು ವಿಚಾರಣೆ ಮಾಡೋ ಅಧಿಕಾರ ಇದೆ. ಸೀಲು ಹಾಕಿಸಿದ ಕಾಪಿಗಳು ಅಲ್ಲಿ ಕೆಲಸಕ್ಕೆ ಬರ್ತವೆ ನೋಡಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಸ್ಕ್ರೈಬ್ ಸಿಕ್ಕಿದ ತಕ್ಷಣ ಮಾರ್ಕ್ಸ್ ಬರಲ್ಲ, ಹೇಳಿ ಬರೆಸೋದನ್ನೂ ಕಲೀಬೇಕು. ಪಕ್ಕದ ಮನೆ ಒಂಬತ್ತನೇ ಕ್ಲಾಸ್ ಹುಡುಗನ್ನ ಕೂರಿಸಿ ಅಭ್ಯಾಸ ಶುರು ಮಾಡಿದ್ವಿ, ಮೊದಲ ದಿನ ನನ್ನ ಮಗ ಒಂದೇ ಉಸಿರಿಗೆ ಅರ್ಧ ಪುಟದ ಉತ್ತರ ಹೇಳಿ ಮುಗಿಸಿದ, ಆ ಹುಡುಗ ಇನ್ನೂ ಎರಡನೇ ಸಾಲಲ್ಲಿದ್ದ, ಇಬ್ಬರಿಗೂ ಜಗಳ. ಈಗ ವಾರಕ್ಕೆ ಎರಡು ಸಂಜೆ ಕೂರ್ತಾರೆ, ಸಮೀಕರಣ ಆದ್ರೆ "ಬ್ರಾಕೆಟ್ ಓಪನ್, ಎಕ್ಸ್ ಪ್ಲಸ್ ಎರಡು, ಕ್ಲೋಸ್, ಕೆಳಗಡೆ ಗೀಟು ಎಳಿ" ಅಂತ ಒಂದೊಂದೇ ಹೇಳ್ತಾನೆ, ಹೇಳಿದ್ಮೇಲೆ ಬಗ್ಗಿ ನೋಡ್ತಾನೆ. ನೀವು ಜೂನ್‌ನಲ್ಲೇ ಶುರು ಮಾಡಿ, ನಾವು ಆಗಸ್ಟ್ ಮಾಡ್ಕೊಂಡ್ವಿ.