ಪಂದಿ ಕರಿ ಪಕ್ಕಕ್ಕೆ ರೊಬುಶೋನ್ ಪ್ಯೂರೆ: ಮಾಡುವ ಬಗೆ

ಫ್ರಾನ್ಸಿನ ಬಾಣಸಿಗ ಜೊಯೆಲ್ ರೊಬುಶೋನ್ ಅವರ ರೆಸ್ಟೋರೆಂಟ್‌ಗಳಿಗೆ ಒಟ್ಟು ಮೂವತ್ತಕ್ಕೂ ಹೆಚ್ಚು ಮಿಶೆಲಿನ್ ನಕ್ಷತ್ರಗಳಿದ್ದವು (ಮಿಶೆಲಿನ್ ಗೈಡ್ ಒಳ್ಳೆಯ ರೆಸ್ಟೋರೆಂಟ್‌ಗಳಿಗೆ ಕೊಡುವ ದರ್ಜೆ). ಹೆಸರು ಉಳಿಸಿದ್ದು ಮಾತ್ರ ಆಲೂಗಡ್ಡೆ, ಬೆಣ್ಣೆ, ಹಾಲು, ಉಪ್ಪು ಇಷ್ಟೇ ಇರುವ ಪ್ಯೂರೆ, ಅಂದರೆ ನುಣ್ಣನೆಯ ಆಲೂಗಡ್ಡೆ ಮುದ್ದೆ. ರೊಬುಶೋನ್ 1945ರಲ್ಲಿ ಫ್ರಾನ್ಸಿನ ಪ್ವಾತಿಯೆ ಊರಿನ ಗಾರೆ ಕೆಲಸದವರ ಮನೆಯಲ್ಲಿ ಹುಟ್ಟಿದವರು. ಪಾದ್ರಿಯಾಗಲೆಂದು ಸೆಮಿನರಿ ಸೇರಿ, ಅಲ್ಲಿ ಸಿಸ್ಟರ್‌ಗಳ ಜೊತೆ ತರಕಾರಿ ಹೆಚ್ಚುತ್ತ ಅಡುಗೆಯ ರುಚಿ ಹತ್ತಿಸಿಕೊಂಡರು. 15ಕ್ಕೆ ಹೋಟೆಲಿನಲ್ಲಿ ಅಪ್ರೆಂಟಿಸ್ ಆದರು. 1981ರ ಕೊನೆಗೆ ಪ್ಯಾರಿಸ್ಸಿನಲ್ಲಿ 'ಜಮ್ಯಾಂ' ರೆಸ್ಟೋರೆಂಟ್ ತೆರೆದರು. 1982, 1983, 1984: ವರ್ಷಕ್ಕೊಂದರಂತೆ ಮೂರು ನಕ್ಷತ್ರ ಬಂದವು. ಅಲ್ಲಿ ಈ ಪ್ಯೂರೆ ಬಡಿಸುತ್ತಿದ್ದದ್ದು ನಿಧಾನವಾಗಿ ಬೇಯಿಸಿದ ಹಂದಿಯ ತಲೆಮಾಂಸದ ಜೊತೆ. ಹಾಗಾಗಿ ಕೊಡಗಿನ ಹಂದಿಮಾಂಸದ ಪಂದಿ ಕರಿ ಪಕ್ಕ ಇದನ್ನಿಟ್ಟರೆ ಯಾರಿಗೂ ಅಪಚಾರವಿಲ್ಲ.

ಆರು ಜನಕ್ಕೆ 1 ಕೆಜಿ ಆಲೂಗಡ್ಡೆ, 250 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200ರಿಂದ 300 ಮಿಲಿ ಗಟ್ಟಿ ಹಾಲು, ಕಲ್ಲುಪ್ಪು ಬೇಕು. ಅವರ ಅಡುಗೆಮನೆಯಲ್ಲಿ ಬೆಣ್ಣೆ ಇದಕ್ಕಿಂತ ಧಾರಾಳವಾಗಿ ಬೀಳುತ್ತಿತ್ತು ಎಂಬ ಮಾತಿದೆ. ಪಂದಿ ಕರಿಯ ಕೊಬ್ಬು ಜೊತೆಗಿರುವಾಗ 250 ಗ್ರಾಮೇ ಸಾಕು.

ಅವರು ಬಳಸುತ್ತಿದ್ದದ್ದು 'ರಾತ್' ಎಂಬ ಸಣ್ಣ, ಬಿಗಿ ತಿರುಳಿನ ತಳಿ. ನಮ್ಮ ಸಂತೆಗೆ ಅದು ಬಾರದು; ಹಾಸನದ ಕಡೆಯಿಂದ ಬರುವ ಕುಫ್ರಿ ಜ್ಯೋತಿಯಲ್ಲಿ ಕೆಲಸ ಆಗುತ್ತದೆ. ಒಂದೇ ಗಾತ್ರದ, ಮೊಟ್ಟೆಗಿಂತ ತುಸು ದೊಡ್ಡವನ್ನು ಆರಿಸಿ. ಕೋಲ್ಡ್ ಸ್ಟೋರೇಜ್‌ನಿಂದ ಬಂದದ್ದು ಸಿಹಿ ಹೊಡೆಯಬಹುದು, ಚಳಿಗೆ ಪಿಷ್ಟ ಸಕ್ಕರೆಯಾಗಿ ತಿರುಗಿರುತ್ತದೆ. ಮಳೆಗಾಲದ ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ. ಹಸಿರು ತಿರುಗಿದ್ದನ್ನು ಮುಟ್ಟಬೇಡಿ.

ಸಿಪ್ಪೆ ಸಮೇತ ತೊಳೆದು, ತಣ್ಣೀರಿಗೆ ಹಾಕಿಯೇ ಒಲೆಗಿಡಿ. ಲೀಟರಿಗೆ 10 ಗ್ರಾಂ ಕಲ್ಲುಪ್ಪು. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಮೆತ್ತಗಾಗಿ ಒಳಗೆ ಹಸಿ ಉಳಿಯುತ್ತದೆ. ಫ್ರೆಂಚ್ ಪಾಕವಿಧಾನದ 25 ನಿಮಿಷ ಇಲ್ಲಿ ಸಾಲದು: ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ 30ರಿಂದ 35 ನಿಮಿಷ ಹಿಡಿಯುತ್ತದೆ. ಕುಕ್ಕರ್ ಬೇಡ, ಸಿಪ್ಪೆ ಒಡೆದು ತಿರುಳು ನೀರು ಕುಡಿಯುತ್ತದೆ. ಚಾಕುವಿನ ತುದಿ ನಡುವಿನವರೆಗೆ ಇಳಿದು ಹಾಗೇ ಹೊರಬಂದರೆ ಬೆಂದಿದೆ. ತಕ್ಷಣ ಬಸಿದು, ಬಟ್ಟೆಯಲ್ಲಿ ಹಿಡಿದು ಬಿಸಿಯಲ್ಲೇ ಸುಲಿಯಿರಿ.

ಇನ್ನು ಮಿಕ್ಸಿಯನ್ನು ಮರೆಯಬೇಕು. ಬ್ಲೇಡು ಆಲೂಗಡ್ಡೆಯ ಕಣಗಳನ್ನು ಒಡೆದು ಪಿಷ್ಟವನ್ನು ಹೊರಚೆಲ್ಲುತ್ತದೆ, ಸಿಗುವುದು ಪೋಸ್ಟರ್ ಹಚ್ಚುವ ಗೋಂದು. ಅದನ್ನು ಸರಿಪಡಿಸುವ ಉಪಾಯ ಯಾವುದೂ ಇಲ್ಲ. ರೊಬುಶೋನ್ ಬಳಸುತ್ತಿದ್ದ ಕೈಯಲ್ಲಿ ತಿರುಗಿಸುವ ಗಿರಣಿ ಇಲ್ಲದಿದ್ದರೆ ಚಿಂತೆಯಿಲ್ಲ: ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಒರಳು ಕೊಡಗಿನ ಮನೆಗಳಲ್ಲಿ ಇದ್ದೇ ಇದೆ. ಅತಿ ಸಣ್ಣ ತೂತಿನ ಬಿಲ್ಲೆ ಹಾಕಿ, ಬಿಸಿ ಗಡ್ಡೆಯನ್ನು ನೇರವಾಗಿ ದಪ್ಪ ತಳದ ಪಾತ್ರೆಗೆ ಒತ್ತಿ. ತೂತು ಕಟ್ಟಿಕೊಂಡರೆ ಗಡ್ಡೆ ಅರೆಬೆಂದಿದೆ ಎಂದರ್ಥ.

ಪಾತ್ರೆಯನ್ನು ಸಣ್ಣ ಉರಿಯಲ್ಲಿಟ್ಟು, ಮರದ ಸೌಟಿನಲ್ಲಿ 4-5 ನಿಮಿಷ ಮಗುಚಿ ತೇವ ಹಾರಿಸಿ. ಹೊಸ ಗಡ್ಡೆಗೆ ಇನ್ನೆರಡು ನಿಮಿಷ ಕೊಡಿ. ತಳದಲ್ಲಿ ತೆಳ್ಳನೆ ಬಿಳಿ ಪದರ ಕೂರುವಾಗ ನಿಲ್ಲಿಸಿ. ಹೆಚ್ಚಿನವರು ಬಿಡುವ ಹಂತ ಇದೇ. ನೀರು ಹೋದ ಜಾಗದಲ್ಲೇ ಬೆಣ್ಣೆ ಸೇರಬೇಕು.

ಬೆಣ್ಣೆ ಫ್ರಿಜ್ಜಿನಿಂದ ತೆಗೆದಷ್ಟೇ ತಣ್ಣಗಿರಲಿ. ಸಣ್ಣ ಚೌಕಗಳಾಗಿ ಕತ್ತರಿಸಿ, ನಾಲ್ಕೈದು ತುಂಡು ಹಾಕುವುದು, ಅದು ಮಾಯವಾಗುವವರೆಗೆ ಜೋರಾಗಿ ಕಲಸುವುದು, ಮತ್ತೆ ಹಾಕುವುದು. ತಣ್ಣನೆ ಬೆಣ್ಣೆ ನಿಧಾನ ಕರಗುತ್ತ ಕೊಬ್ಬು ನೀರು ಬೇರ್ಪಡದೆ ಮಿಳಿತವಾಗುತ್ತದೆ. ಕರಗಿಸಿದ ಬೆಣ್ಣೆ ಅಥವಾ ತುಪ್ಪ ಹಾಕಿದರೆ ಜಿಡ್ಡು ಮೇಲೆ ತೇಲುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆ ಹುಳಿ ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆದು, ಗಟ್ಟಿಯಾಗಲು ಬಿಡಿ.

ಆಮೇಲೆ ಕುದಿ ಬಂದ ಹಾಲನ್ನು ಸಣ್ಣ ಧಾರೆಯಾಗಿ ಬಿಡುತ್ತ ಕಲಸಿ. ಮೊದಲು 200 ಮಿಲಿ. ಉಳಿದದ್ದು ಹದ ನೋಡಿಕೊಂಡು. ಸೌಟು ಎತ್ತಿದರೆ ತುಸು ನಿಂತು, ನಂತರ ಜಾರಬೇಕು. ಅಂಚಿನಲ್ಲಿ ಎಣ್ಣೆ ಒಸರಿದರೆ ಉರಿ ಹೆಚ್ಚಾಗಿದೆ: ಪಾತ್ರೆ ಇಳಿಸಿ, ಒಂದು ಸೌಟು ಬಿಸಿ ಹಾಲು ಹಾಕಿ ಬಡಿಯಿರಿ, ಕೂಡಿಕೊಳ್ಳುತ್ತದೆ. ಕೊನೆಗೆ ಮೈದಾ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿ. ಬೇಸರದ ಕೆಲಸ, ಆದರೆ ರೇಷ್ಮೆಯ ನಯ ಬರುವುದು ಇಲ್ಲೇ.

ಪಂದಿ ಕರಿಯನ್ನು ಮಾಮೂಲಿಗಿಂತ ಹೆಚ್ಚು ಬತ್ತಿಸಿ. ತೆಳು ಸಾರು ಪ್ಯೂರೆಯನ್ನು ಕದಡಿಬಿಡುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಮಾಂಸದಲ್ಲೇ ಇರಲಿ. ಅದರ ಹುಳಿ ಬೆಣ್ಣೆಯ ಜಿಡ್ಡನ್ನು ಮುರಿಯುತ್ತದೆ, ಆದರೆ ಪ್ಯೂರೆಯ ಪಾತ್ರೆಗೇ ಬಿದ್ದರೆ ಹಾಲು ಒಡೆದೀತು.

ರೊಬುಶೋನ್ 1996ರಲ್ಲಿ ನಿವೃತ್ತರಾಗಿ, 2003ರಲ್ಲಿ 'ಲಾತೆಲಿಯೆ' ರೆಸ್ಟೋರೆಂಟಿನೊಂದಿಗೆ ಮರಳಿದಾಗ ಗಿರಾಕಿಗಳನ್ನು ಅಡುಗೆಯವರ ಎದುರಿನ ಕೌಂಟರಿಗೇ ಕೂರಿಸಿದರು. ಅಲ್ಲಿ ತಟ್ಟೆ ಆರುವ ಭಯವಿಲ್ಲ. ಆದರೆ ಕೊಡಗಿನ ಹೋಂಸ್ಟೇಯಲ್ಲಿ ಅಡುಗೆಮನೆಯಿಂದ ವರಾಂಡಕ್ಕೆ ಬರುವಷ್ಟರಲ್ಲಿ ಜುಲೈ ಚಳಿಗೆ ಬೆಣ್ಣೆ ಹೆಪ್ಪುಗಟ್ಟುತ್ತದೆ. ತಟ್ಟೆಗಳನ್ನು ಬಿಸಿನೀರಲ್ಲಿ ಅದ್ದಿ ಒರೆಸಿಕೊಳ್ಳಿ; ಪ್ಯೂರೆಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಮುಚ್ಚಿಟ್ಟು, ಆಗಾಗ ಕಲಸುತ್ತ, ಒಂದು ಗಂಟೆಯೊಳಗೆ ಮುಗಿಸಿ. ಮಿಕ್ಕಿದ್ದರಲ್ಲಿ ಬೋಂಡಾ ಮಾಡುವ ಆಸೆ ಬೇಡ. ಇಷ್ಟು ಬೆಣ್ಣೆಯಿದ್ದರೆ ಎಣ್ಣೆಗೆ ಬಿದ್ದೊಡನೆ ಒಡೆಯುತ್ತದೆ. ಮರುದಿನ ಸೂಪಿಗೆ ಕದಡಿಕೊಳ್ಳಬಹುದು.