ಹಳೇ ಲೈಕಾ ಎಂ3 ಕೈಗೆ ಬಂದಾಗ ನಾನು ನೋಡಿದ್ದು, ಮಾಡಿಸಿದ್ದು

ಲೈಕಾ ಕ್ಯಾಮೆರಾದ ಹೆಸರು ಎತ್ತಿದರೆ ಸಾಕು, ಫೋಟೋ ತೆಗೆಯುವವರ ನಡುವೆ ವಾದ ಶುರುವಾಗುತ್ತದೆ. ಸುಮ್ನೆ ಹೆಸರಿಗೆ ಕೊಡುವ ದುಡ್ಡು ಅಂತ ಕೆಲವರು. ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ ಅಂತ ಇನ್ನು ಕೆಲವರು. ಮದುವೆ ಫೋಟೋ ತೆಗೆಯುವ ನನ್ನ ಗೆಳೆಯ ಮೊದಲನೇ ಗುಂಪಿನವನು. ನಾನು ಎರಡನೇ ಗುಂಪಿನಲ್ಲಿದ್ದೆ. ಒಂದು ಕ್ಯಾಮೆರಾವನ್ನು ನಾನೇ ಕೊಂಡು, ಪರೀಕ್ಷೆ ಮಾಡಿ, ರಿಪೇರಿ ಮಾಡಿಸಿದ ಮೇಲೆ ನನ್ನ ಮಾತು ಸ್ವಲ್ಪ ಬದಲಾಗಿದೆ.

ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಎಂ3. 1954ರಲ್ಲಿ ಬಂದ ಮಾಡೆಲ್. ಬ್ಯಾಟರಿ ಇಲ್ಲ, ಬೆಳಕು ಅಳೆಯುವ ಲೈಟ್ ಮೀಟರ್ ಇಲ್ಲ. ಈಗ ಎಲ್ಲರೂ ಗುರುತು ಹಿಡಿಯುವ ಲೈಕಾದ ಆ ಕೆಂಪು ಚುಕ್ಕಿಯ ಲೋಗೋವೂ ಇದರ ಮೇಲಿಲ್ಲ. ಫಿಲ್ಮನ್ನು ಕೆಳಗಿನ ತಟ್ಟೆ ಬಿಚ್ಚಿ ಹಾಕಬೇಕು.

ಮೊದಲು ನೋಡಿದ್ದು ಶಟರ್. ಫಿಲ್ಮಿಗೆ ಬೆಳಕು ಬಿಡುವ, ತಡೆಯುವ ಭಾಗ ಅದು. ಇದರಲ್ಲಿ ಶಟರ್ ಅಂದರೆ ರಬ್ಬರ್ ಬಳಿದ ಬಟ್ಟೆಯ ಎರಡು ಪರದೆ. ಲೆನ್ಸ್ ತೆಗೆದೆ, ಹಿಂದಿನ ಬಾಗಿಲು ಎತ್ತಿದೆ, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿದೆ. ತೂತಿದ್ದರೆ ನಕ್ಷತ್ರದ ಹಾಗೆ ಮಿನುಗುತ್ತದೆ. ಲಿವರ್ ಎಳೆದು ಶಟರ್ ಸಜ್ಜು ಮಾಡದೆ ಒಂದು ಸಲ, ಮಾಡಿ ಇನ್ನೊಂದು ಸಲ ನೋಡಬೇಕು, ಯಾಕಂದರೆ ಎರಡು ಸಲವೂ ಕಾಣುವ ಪರದೆ ಬೇರೆ ಬೇರೆ. ನನ್ನದರಲ್ಲಿ ಒಂದೂ ತೂತಿರಲಿಲ್ಲ, ಅದು ಅದೃಷ್ಟವೇ. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಶಟರಿಗೂ ನಡುವೆ ಕನ್ನಡಿ ಇರುತ್ತದೆ, ಇದರಲ್ಲಿ ಇಲ್ಲ. ಬಿಸಿಲಲ್ಲಿ ಲೆನ್ಸ್ ಸೂರ್ಯನ ಕಡೆಗೆ ಮುಖ ಮಾಡಿಕೊಂಡು ಉಳಿದರೆ ಭೂತಗಾಜಿನಿಂದ ಕಾಗದ ಸುಟ್ಟ ಹಾಗೆ ಪರದೆ ಸುಡುತ್ತದೆ. ಅದಕ್ಕೇ ನಡೆಯುವಾಗ ನಾನು ಲೆನ್ಸನ್ನು ನೆಲದ ಕಡೆ ತಿರುಗಿಸಿಕೊಂಡೇ ಹೋಗುತ್ತೇನೆ.

ಆಮೇಲೆ ಕಿವಿಗೊಟ್ಟು ಕೇಳಿದ್ದು ಒಂದು ಸೆಕೆಂಡಿನ ಸ್ಪೀಡ್, ಅಂದರೆ ಶಟರ್ ಒಂದು ಸೆಕೆಂಡ್ ತೆರೆದಿರುವುದು. ಗುಂಡಿ ಒತ್ತಿದರೆ ಒಳಗೆ ಹಲ್ಲುಗಾಲಿಗಳು ಗುಂಯ್ ಅಂತ ಒಂದೇ ಸಮನೆ ಓಡಿ ನಿಲ್ಲಬೇಕು. ನನ್ನದು ಓಡುತ್ತಾ ಓಡುತ್ತಾ ಕೊನೆಗೆ ಎಳೆದಾಡುತ್ತಿತ್ತು, ಗಡಿಯಾರ ಹಿಡಿದು ನೋಡಿದರೆ ಸೆಕೆಂಡಿಗಿಂತ ಚೆನ್ನಾಗಿಯೇ ಜಾಸ್ತಿ. ಒಳಗಿನ ಹಳೇ ಗ್ರೀಸ್ ಗಟ್ಟಿಯಾಗಿತ್ತು. ಸೆಕೆಂಡಿನ ಸಾವಿರದಲ್ಲೊಂದು ಭಾಗ, ಅಂದರೆ 1/1000 ಸ್ಪೀಡ್ ಮಾತ್ರ ಕಿವಿಗೆ ಸಿಗುವುದಲ್ಲ, ಅದಕ್ಕೆ ಟೆಸ್ಟರ್ ಬೇಕು.

ಮೂರನೆಯದು ರೇಂಜ್‌ಫೈಂಡರ್, ಅಂದರೆ ದೂರ ನೋಡಿ ಫೋಕಸ್ ಮಾಡುವ ವ್ಯವಸ್ಥೆ. ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ ನಡುವೆ ಒಂದು ಸಣ್ಣ ಬೆಳಕಿನ ಚೌಕ ಇದೆ, ಅದರೊಳಗೆ ಎರಡು ಚಿತ್ರ ಕಾಣುತ್ತವೆ, ಎರಡೂ ಒಂದಾದರೆ ಫೋಕಸ್ ಆಯಿತು ಅಂತ. ದೂರದ ವಿದ್ಯುತ್ ತಂತಿ ನೋಡಿದೆ. ತಂತಿ ಅಡ್ಡಕ್ಕಿರುವುದರಿಂದ ಎರಡು ಚಿತ್ರ ಮೇಲೆ ಕೆಳಗೆ ಆಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಅದು ಸರಿ ಇತ್ತು. ರಾತ್ರಿ ಚಂದ್ರನನ್ನು ನೋಡಿದೆ. ಲೆನ್ಸನ್ನು ಅನಂತ ದೂರದ ಗುರುತಿಗೆ ಪೂರ್ತಿ ತಿರುಗಿಸಿದರೂ ಚಂದ್ರ ಎರಡಾಗಿಯೇ ಉಳಿದ, ಅಂಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಯಾರದೋ ಕೈಯಲ್ಲಿ ಪೆಟ್ಟು ತಿಂದಿರಬೇಕು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ನೋಡ್ದಾ? ಕೆಡಲ್ಲ ಅಂತಿದ್ದೆ, ಮೂರರಲ್ಲಿ ಎರಡು ಕೆಟ್ಟಿದೆ ಅಲ್ವಾ!" ಅಂದ. ಅವನ ಮಾತು ನಿಜ. ಕೆಡಲ್ಲ ಅನ್ನುವುದು ಸುಳ್ಳು. ಆದರೆ ರಿಪೇರಿಯವರು ಬಿಚ್ಚಿ, ಹಳೇ ಗ್ರೀಸ್ ತೊಳೆದು, ಹೊಸದು ಹಚ್ಚಿ, ರೇಂಜ್‌ಫೈಂಡರ್ ಹೊಂದಿಸಿ ವಾಪಸ್ ಕೊಟ್ಟಾಗ ಒಂದೇ ಒಂದು ಹೊಸ ಬಿಡಿಭಾಗ ಹಾಕಿರಲಿಲ್ಲ. ಇದಕ್ಕೂ ಮುಂಚೆ ನನ್ನ ಹತ್ತಿರ ಇನ್ನೊಂದು ಕಂಪನಿಯ ಡಿಜಿಟಲ್ ಕ್ಯಾಮೆರಾ ಇತ್ತು. ಅದರ ಬೋರ್ಡ್ ಹೋದಾಗ, ಪಾರ್ಟ್ ಬರುವುದು ನಿಂತಿದೆ ಅಂದರು. ಹೊರಗಿನಿಂದ ಹೊಸದರ ಹಾಗೇ ಇದ್ದ ಕ್ಯಾಮೆರಾ ಕಪಾಟು ಸೇರಿತು. ನನಗೆ ಎಂ3 ಮೇಲೆ ನಂಬಿಕೆ ಬಂದಿದ್ದು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ.

ಇನ್ನು ಜನ ಇದಕ್ಕೆ ಯಾಕೆ ಮನಸೋಲುತ್ತಾರೆ ಅನ್ನುವುದು. ನನಗಂತೂ ಆ ವ್ಯೂಫೈಂಡರ್ ಸಾಕು. ಕಣ್ಣಿಗೆ ಕಾಣುವುದರ ಸುಮಾರು 0.9 ಪಟ್ಟು ಗಾತ್ರದಲ್ಲಿ, ಅಂದರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ತೋರಿಸುತ್ತದೆ, ಹಾಗಾಗಿ ಎರಡೂ ಕಣ್ಣು ತೆರೆದುಕೊಂಡು ನೋಡಬಹುದು. 50 ಎಂಎಂ ಲೆನ್ಸ್ ಹಾಕಿದಾಗ ಬಿಳಿ ಗೆರೆಯ ಫ್ರೇಮ್ ಜಗತ್ತಿನ ಮೇಲೆ ತೇಲಿದ ಹಾಗೆ ಇರುತ್ತದೆ, ಮಗು ಓಡಿ ಬರುವುದು ಗೆರೆಯ ಆಚೆಯಿಂದಲೇ ಕಾಣುತ್ತದೆ, ಗುಂಡಿ ಒತ್ತಿದ ಕ್ಷಣದಲ್ಲೂ ಕಣ್ಣ ಮುಂದೆ ಕತ್ತಲಾಗುವುದಿಲ್ಲ. ಹಾಗಂತ ಎಲ್ಲ ಕೆಲಸಕ್ಕೂ ಆಗಲ್ಲ. ಹೂವಿನ ಹತ್ತಿರ ಹೋಗಿ ತೆಗೆಯೋಕೆ ಇದು ಬೇಡ. ನೋಡುವುದು ಲೆನ್ಸಿನ ಮೂಲಕ ಅಲ್ಲವಲ್ಲ, ಲೆನ್ಸಿನ ಮುಚ್ಚಳ ಹಾಕಿದ್ದರೂ ವ್ಯೂಫೈಂಡರ್‌ನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಹುಷಾರಾಗಿರಬೇಕು. ಮದುವೆ ಮನೆಗೆ ಗೆಳೆಯನ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾನೇ ಸರಿ.

ಮೊನ್ನೆ ಅವನೇ ಎಂ3 ಇಸ್ಕೊಂಡು ಹೋಗಿ ಒಂದು ರೋಲ್ ತೆಗೆದ. ಆಮೇಲೆ ಕೇಳಿದ, "ಇದೇ ಥರ ಡಿಜಿಟಲ್‌ನಲ್ಲಿ ಹಳೇ ಲೈಕಾ ಎಂ9 ತಗೊಳ್ಳಲೇನೋ?"

ಅಲ್ಲಿ ನಾನು ಅವನನ್ನು ತಡೆದೆ. ಎಂ3 ಬಾಳಿದ್ದನ್ನು ನೋಡಿ ಅದೇ ಹೆಸರಿನ ಎಲ್ಲವೂ ಹಾಗೇ ಬಾಳುತ್ತದೆ ಅಂದುಕೊಳ್ಳಬಾರದು. ಎಂ9 ಬಂದಿದ್ದು 2009ರಲ್ಲಿ, ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯೋಕೆ 18 ಮೆಗಾಪಿಕ್ಸೆಲ್‌ನ, ಸಿಸಿಡಿ ಅನ್ನುವ ಬಗೆಯ ಸೆನ್ಸರ್. ಆ ಸೆನ್ಸರ್ ಮೇಲಿನ ಗಾಜು ಕೆಲವು ಕ್ಯಾಮೆರಾಗಳಲ್ಲಿ ಕಾಲ ಕಳೆದಂತೆ ಹಾಳಾಗುತ್ತಾ ಬಂತು. ಕಂಪನಿಯೇ 2014ರಲ್ಲಿ ಇದನ್ನು ಒಪ್ಪಿಕೊಂಡು ಕೆಲವು ವರ್ಷ ದುಡ್ಡಿಲ್ಲದೆ ಬದಲಾಯಿಸಿಕೊಟ್ಟಿತು, ಆಮೇಲೆ ಅದು ನಿಂತಿತು. ಲೋಹದ ಬಾಡಿ ಎಷ್ಟು ಗಟ್ಟಿಯಾಗಿದ್ದರೆ ಏನು ಬಂತು?

ಅವನಿಗೆ ಹೇಳಿದ್ದು ಇಷ್ಟು. ಸೆನ್ಸರ್ ಬದಲಾಗಿದೆಯಾ ಅಂತ ಮಾರುವವರ ಹತ್ತಿರ ಬಿಲ್ ಸಮೇತ ಕೇಳು. ಲೆನ್ಸಿನ ಕಿಂಡಿ ಚಿಕ್ಕದು ಮಾಡಿ ಎಫ್/16 ಇಟ್ಟು ಬರೀ ಆಕಾಶದ ಫೋಟೋ ತೆಗೆದು, ದೊಡ್ಡದು ಮಾಡಿ ಮೂಲೆ ಮೂಲೆ ನೋಡು. ಚುಕ್ಕಿ ಕಂಡರೆ ಧೂಳಿರಬಹುದು, ಕ್ಲೀನ್ ಮಾಡಿಸಿ ಮತ್ತೆ ತೆಗೆದು ನೋಡು. ಆಮೇಲೂ ಅದೇ ಜಾಗದಲ್ಲಿ ಚುಕ್ಕಿ, ಸುತ್ತ ತೆಳ್ಳಗೆ ಉಂಗುರ ಕಂಡರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟು ಬಾ.